ಆಷಾಢದೊಳಗೆ ಹೇಳಿ

ಮಂಡಿ ಮೊಹಲ್ಲಾದಿಂದ ಇಂತಿಯಾಜ್ ಬಂದ
ಹೆಲ್ಮೆಟ್ಟಿನೊಳಗೆ ಹೊಸ ಯಂತ್ರವಿಟ್ಟುಕೊಂಡು.
ಅಷ್ಟೇ ಗಾತ್ರ.
"ಫ್ಯಾನೇ ಇಲ್ಲ ಅಕ್ಕ, ಕೈಯಿಟ್ಟು ನೋಡಿ."
ಇಟ್ಟೆ. ಮಜ್ಜಿಗೆ ಪಾತ್ರೆಯ ಹೊಟ್ಟೆಯ ಹಾಗೆ
ತಣ್ಣಗಿತ್ತು.

ನಮ್ಮ ಹಳೆಯದು ಮೇಜಿನಡಿ ಬುಸುಗುಟ್ಟುತ್ತದೆ.
ಅದರ ಬಿಸಿಗಾಳಿಗೆ ಕಾಲು ಚಾಚಿಯೇ
ಹದಿನಾರು ಚಳಿಗಾಲ ಕಳೆದಿದ್ದೇನೆ
ಶಿವರಾಂಪೇಟೆಯ ಈ ಎರಡೂವರೆ ಗೋಡೆಯ ಅಂಗಡಿಯಲ್ಲಿ.
(ಮಿಕ್ಕ ಗೋಡೆ ಪಕ್ಕದ ಕನ್ನಡಕದಂಗಡಿಯದು.)
ಕರೆಂಟು ಹೋದರೆ ಅದಕ್ಕೆ ಏಳು ನಿಮಿಷ ಉಸಿರು,
ಇದಕ್ಕೆ ಮುಕ್ಕಾಲು ಗಂಟೆಯಂತೆ.
ಮುಕ್ಕಾಲು ಗಂಟೆಯಲ್ಲಿ
ಎರಡು ವೈಕುಂಠ ಸಮಾರಾಧನೆಯ ಕಾರ್ಡು ಮುಗಿಸಬಹುದು.

ಹಾಗಾದರೆ ಏನಪ್ಪ ತೊಂದರೆ ಎಂದೆ.
ಸ್ಕ್ರೂಡ್ರೈವರಿನ ಹಿಡಿಯಿಂದ ಕತ್ತು ಕೆರೆದುಕೊಂಡ.
"ಒಳಗಿನ ಮಾತೇ ಬೇರೆ ಅಕ್ಕ.
ಅದು ಇಂಟೆಲ್ ಮಾತು, ಇದು ಆರ್ಮ್ ಮಾತು.
ಮಧ್ಯೆ ಒಬ್ಬ ದುಭಾಷಿ ಕೂತಿರ್ತಾನೆ,
ಹೇಳಿದ್ದನ್ನೆಲ್ಲ ಆಗಿಂದಾಗ್ಗೆ ತಿರುಗಿಸ್ತಾನೆ.
ನಿಮ್ಮ ಅಕ್ಷರದ ಪ್ರೋಗ್ರಾಂ ಓಡತ್ತೆ.
ಬೀಗದ ಕೈಯದೇ ಕಷ್ಟ."

ಬೀಗದ ಕೈ ಎಂದರೆ ಆ ನೇರಳೆ ತುಂಡು.
ಯಂತ್ರದ ಬೆನ್ನಿಗೆ ಚುಚ್ಚಿದರೆ ಮಾತ್ರ
ನಮಗೆ ಕನ್ನಡ ತೆರೆಯುತ್ತದೆ.
ಅದರ ಡ್ರೈವರು ದುಭಾಷಿಯನ್ನು ಒಪ್ಪುವುದಿಲ್ಲ,
ಯಜಮಾನನ ಹತ್ತಿರವೇ ಮಾತಾಡಬೇಕಂತೆ.
ಬರೆದುಕೊಟ್ಟವರು ಸರಸ್ವತಿಪುರಂನ ವರದಾಚಾರ್ಯರು.
ಫೋನು ಮಾಡಿದೆ. ಸೊಸೆ ಎತ್ತಿದರು.
"ಮಾವ ಹೋಗಿ ನಾಲ್ಕು ವರ್ಷವಾಯ್ತಲ್ಲ,
ಕಾರ್ಡು ನೀವೇ ಮಾಡಿಕೊಟ್ಟದ್ದು."

ಹುಡುಕಿದೆ. ಇತ್ತು.
ಅವರೇ ಕಡೆದ ಅಕ್ಷರದಲ್ಲಿ ಅವರ ಹೆಸರು,
ಅರ್ಕಾವತ್ತು ಯಕಾರದ ಬೆನ್ನಿಗೆ ಸರಿಯಾಗಿ ಅಂಟಿಕೊಂಡು.

ಯೂನಿಕೋಡಿಗೆ ತಿರುಗಿಸಿಬಿಡೋಣ ಮೇಡಂ ಎಂದಳು ಸಿಂಚನ.
ಪಾಂಡವಪುರದಿಂದ ದಿನಾ ರೈಲಿನಲ್ಲಿ ಬರುವ ಹುಡುಗಿ,
ಎರಡು ಹೆಬ್ಬೆರಳಲ್ಲಿ ಲೋಕ ನಡೆಸುತ್ತಾಳೆ.
ಒಂದು ಲಗ್ನಪತ್ರಿಕೆ ತಿರುಗಿಸಿ ನೋಡಿದೆವು.
ಜ್ಯೋತ್ಸ್ನಾ ಎಂಬ ವಧು ಮೂರು ತುಂಡಾಗಿ
ಕೊನೆಯ ಒತ್ತು ವರನ ತಂದೆಯ ಹೆಸರಿನಡಿ ಬಿದ್ದಿತ್ತು.
ಇಂಥವು ಹನ್ನೊಂದು ಸಾವಿರ ಫೈಲು.
ಮದುವೆಗೆ ಬಂದವರೇ ನಾಮಕರಣಕ್ಕೂ ಬರುತ್ತಾರೆ,
"ಅದೇ ಥರ ಹಾಕ್ಕೊಡಿ" ಎನ್ನುತ್ತಾರೆ.

ಅಪ್ಪನ ಪ್ರೆಸ್ಸಿನಲ್ಲಿ ಮರಿಮಾದಯ್ಯ ಮೊಳೆ ಜೋಡಿಸುತ್ತಿದ್ದರು.
ತಿರುಗುಮುರುಗಾದ ಪುಟವನ್ನು ನೀರು ಕುಡಿದ ಹಾಗೆ ಓದುವರು;
ಅಚ್ಚಾದ ಹಾಳೆ ಕೊಟ್ಟರೆ ಮಾತ್ರ
ಅರೆಗಳಿಗೆ ತಡೆದು, ತುಟಿ ಅಲುಗಿಸಿ, ಆಮೇಲೆ ಓದುವರು.
ಮೊಳೆಗಳನ್ನು ಕೇಜಿ ಲೆಕ್ಕದಲ್ಲಿ ಮಾರಿದ ದಿನ
ಒಂದು 'ಳ' ಜೇಬಿಗೆ ಹಾಕಿಕೊಂಡು ಹೊರಟರು.
ಯಾಕೆ ಳ ಎಂದು ಕೇಳಬೇಕಿತ್ತು.

"ಆಷಾಢದೊಳಗೆ ಹೇಳಿ" ಎಂದು ಇಂತಿಯಾಜ್
ಯಂತ್ರ ಬಿಟ್ಟು ಹೋಗಿದ್ದಾನೆ.
ಆಷಾಢದಲ್ಲಿ ಮದುವೆಯಿಲ್ಲ, ಅದಕ್ಕೇ ನನಗೆ ಬಿಡುವು.
ಆಷಾಢದಲ್ಲಿ ಹೊಸತು ತರಬಾರದು, ಅದಕ್ಕೇ ತರುವಂತಿಲ್ಲ.
ಶ್ರಾವಣ ಬಂದರೆ ತರಬಹುದು,
ಆದರೆ ಮುಹೂರ್ತಗಳ ಸಾಲಿನಲ್ಲಿ
ಒಂದು ದಿನವೂ ಅಂಗಡಿ ನಿಲ್ಲಿಸಲಾಗದು.
ಈಗಿರುವ ಕೆಲಸವೆಂದರೆ
ಬೆಟ್ಟದ ಶುಕ್ರವಾರಗಳಿಗೆ ಪ್ರಸಾದ ವಿನಿಯೋಗದ ಫ್ಲೆಕ್ಸು,
ದಾನಿಗಳ ಫೋಟೊ ದೇವಿಗಿಂತ ದೊಡ್ಡದು.

ನಿನ್ನೆ ಸಂಜೆ ಕರೆಂಟು ಹೋಯಿತು.
ಹಳೆಯದು ಏಳನೆಯ ನಿಮಿಷಕ್ಕೆ ಕೂಗಿ ಸುಮ್ಮನಾಯಿತು.
ಕತ್ತಲಲ್ಲಿ ಹೊಸದರ ಮುಂದೆ ಕೂತೆ,
ಆ ವಧುವನ್ನಾದರೂ ಸರಿಮಾಡೋಣ ಎಂದು.
ಹಳೆಯದರಲ್ಲಿ ಒತ್ತಿನ ಆಕಾರ ಹುಡುಕಿ ಕೂರಿಸುತ್ತಿದ್ದೆ.
ಇದು ಆಕಾರ ಕೇಳುವುದಿಲ್ಲ,
ಬಾಯಿಗೆ ಬರುವ ಕ್ರಮದಲ್ಲಿ ಹೇಳು ಎನ್ನುತ್ತದೆ.
ತ, ಅರ್ಧ. ಸ, ಅರ್ಧ. ನ, ಅದಕ್ಕೊಂದು ದೀರ್ಘ.
ಮೂರು ಸಲ ತಪ್ಪಿತು.

"ಮೇಡಂ," ಎಂದಳು ಸಿಂಚನ ಪಕ್ಕದಿಂದ,
"ತುಟಿ ಯಾಕೆ ಅಲುಗಿಸ್ತಿದ್ದೀರ?"